ಹುಳದ ಮನೆಯಲ್ಲಿ ಕಟ್ಟಿದ ಹಸು

ಅಂಜಮ್ಮನ ಹುಳದ ಮನೆಗೆ ಯಾರೇ ಬರಲಿ, ಬಾಗಿಲಾಚೆಯೇ ನಿಲ್ಲಬೇಕು. ಓಟು ಕೇಳಲು ಬಂದ ಅಭ್ಯರ್ಥಿಯೊಬ್ಬ ಹಿಂದೆ ಮುಂದೆ ಜನ ಕಟ್ಟಿಕೊಂಡು, ರೇಷ್ಮೆ ಹುಳದ ಜೊತೆ ಫೋಟೋ ತೆಗೆಸಿಕೊಳ್ಳುವ ಆಸೆಯಿಂದ ಒಳಕ್ಕೆ ಕಾಲಿಡಲು ಹೋದ. ಅವಳು ಬಾಗಿಲಿಗೆ ಅಡ್ಡ ಕೈಯಿಟ್ಟು, "ಸ್ವಾಮಿ, ನಿಮ್ಮ ಕಾಲಲ್ಲಿ ಯಾವ್ಯಾವೂರಿನ ಧೂಳಿದೆಯೋ ಏನೋ. ಓಟು ಬೇಕಾದ್ರೆ ಹಾಕ್ತೀನಿ, ಒಳಗೆ ಬಿಡಲ್ಲ," ಅಂದುಬಿಟ್ಟಳು. ಆತ ಹಲ್ಲು ಕಿರಿದು ಹಿಂದೆ ಸರಿದ. ಗೆದ್ದ ಮೇಲೆ ಆ ಕಡೆ ತಲೆ ಹಾಕಲಿಲ್ಲ, ಅದು ಬೇರೆ ಮಾತು.

ಕೋಲಾರದಿಂದ ಹುತ್ತೂರಿಗೆ ಹೋಗುವ ದಾರಿಯಲ್ಲಿ ಒಳಕ್ಕೆ ತಿರುಗಿದರೆ ಸಿಗುವ ಸಣ್ಣ ಊರು ಅವಳದು. ರಾಗಿ ಹೊಲ, ಟೊಮೆಟೊ ತೋಟ, ಹಿಪ್ಪುನೇರಳೆ ಸೊಪ್ಪು, ಮನೆಗೊಂದೋ ಎರಡೋ ಸೀಮೆಹಸು. ಹುಟ್ಟಿದ್ದು ಮಾತ್ರ ಮುಳಬಾಗಿಲಿನ ಆಚೆ, ಆಂಧ್ರಕ್ಕೆ ಕೂಗಳತೆಯಲ್ಲಿರುವ ಊರಲ್ಲಿ. ಮನೆಮಾತು ತೆಲುಗು. ಮುನಿಕೃಷ್ಣನನ್ನು ಮದುವೆಯಾಗಿ ಬಂದ ಮೇಲೆ ಕನ್ನಡ ನಾಲಗೆಗೆ ಹತ್ತಿತು. ಈಗ ಕೊಡುವ ತಗೊಳ್ಳುವ ಮಾತಿಗೆ ಕನ್ನಡ, ಸಿಟ್ಟಿಗೆ ತೆಲುಗು, ಹಸುವಿನ ಹತ್ತಿರ ಎರಡೂ.

ಹುಳದ ವಿಷಯದಲ್ಲಿ ಅವಳು ಇಷ್ಟು ಬಿಗಿಯಾದದ್ದು ಸುಮ್ಮನೆ ಅಲ್ಲ. ಹೊಸದರಲ್ಲಿ ಒಂದು ಬೆಳೆ ಪೂರ್ತಿ, ಇನ್ನೇನು ಗೂಡು ಕಟ್ಟಬೇಕು ಅನ್ನುವಾಗ, ಹುಳ ಕಪ್ಪಾಗಿ ಕೊಳೆತು ನಾರಿತು. ಮಂಕರಿಗಳಲ್ಲಿ ತುಂಬಿ ಗುಂಡಿಗೆ ಸುರಿದಳು. ಅವತ್ತಿನಿಂದ ಬಾಗಿಲಲ್ಲಿ ಸುಣ್ಣ, ಬ್ಲೀಚಿಂಗ್ ಪುಡಿ. ಕೈಕಾಲು ತೊಳೆಯದೆ ಗಂಡನೂ ಒಳಗೆ ಹೋಗುವಂತಿಲ್ಲ. ಹುಳದ ಮೈಮೇಲೆ ಮೊಟ್ಟೆಯಿಟ್ಟು ಕೊಲ್ಲುವ ಊಜಿ ನೊಣ ಬರದಂತೆ ಕಿಟಕಿಗೆಲ್ಲ ಬಲೆ, ಬಾಗಿಲಿಗೂ ಬಲೆ. ಒಮ್ಮೆ ಯಾವನೋ ಮಟಮಟ ಮಧ್ಯಾಹ್ನ ಬೈಕಿನಲ್ಲಿ ರೇಷ್ಮೆ ಮೊಟ್ಟೆ ಮಾರಲು ಬಂದಿದ್ದ. "ಲೈಸೆನ್ಸ್ ಎಲ್ಲಯ್ಯಾ?" ಅಂದಳು. "ನಂಬಿಕೆ ಮೇಲೆ ತಗೊಳ್ಳಮ್ಮ," ಅಂದ. "ನಂಬಿಕೆಯಿಂದ ಹುಳದ ಕಾಯಿಲೆ ನಿಲ್ಲುತ್ತೇನೋ? ಮೊಟ್ಟೆನ ಬಿಸಿಲಲ್ಲಿ ತಂದಿದೀಯಲ್ಲ, ಹೆತ್ತ ತಾಯಿ ಕಲಿಸಲಿಲ್ವಾ ನಿನಗೆ?" ಅಂತ ಊರ ರಸ್ತೆಯ ತನಕ ಬೈಕೊಂಡೇ ಹೋಗಿ ಬಿಟ್ಟುಬಂದಳು. ಆಮೇಲೆ ಇಡೀ ಬೀದಿ ಅವಳನ್ನು ನೋಡಿ ಸುಣ್ಣ ಹಾಕುವುದನ್ನು ಕಲಿಯಿತು.

ಇಂಥ ಹೆಂಗಸು ಹಸುವಿನ ವಿಷಯದಲ್ಲಿ ಎಡವಿದ ಕಥೆ ಇದು.

ಅವಳ ಹಸುವಿನ ಹೆಸರು ದೊರಸಾನಿ. ಕಪ್ಪು ಬಿಳುಪಿನ ದೊಡ್ಡ ಸೀಮೆಹಸು. ನೀರಿನ ಬಾನಿ ಒಂದು ಚೂರು ಕೊಳೆಯಾಗಿದ್ದರೂ ಮೂತಿ ತಿರುಗಿಸಿ ನಿಲ್ಲುವ ಜಂಬಕ್ಕೆ ಆ ಹೆಸರು ಬಿತ್ತು. ಹುಳದ ಬೆಳೆ ಕೈಕೊಟ್ಟರೂ ಟೊಮೆಟೊ ರೇಟು ಮಣ್ಣುಪಾಲಾದರೂ ಅಂಜಮ್ಮನ ಒಲೆ ಆರದಂತೆ ನೋಡಿಕೊಂಡದ್ದು ಆ ಹಸು. ಆ ವರ್ಷ ಅದು ಗಬ್ಬವಾಗಿತ್ತು, ಹಾಲೂ ಕೊಡುತ್ತಿತ್ತು.

ಎರಡು ಸಾವಿರದ ಇಪ್ಪತ್ತೆರಡು. ಚರ್ಮಗಂಟು ರೋಗ ಬಂದಿದೆ ಅಂತ ಮೊದಲು ಮೊಬೈಲುಗಳಲ್ಲಿ ಬಂತು. ಮೈಯೆಲ್ಲ ಗಂಟು ಎದ್ದ ಹಸುಗಳ ಫೋಟೋ, ಯಾವ ರಾಜ್ಯದ್ದೋ. ಆಮೇಲೆ ದನದ ಸಂತೆಗಳನ್ನು ನಿಲ್ಲಿಸಿದರು. ಆಮೇಲೆ ಶ್ರೀನಿವಾಸಪುರದ ಕಡೆ ಒಂದೂರಲ್ಲಿ ಬಂತಂತೆ, ಮಾಲೂರಿನ ಕಡೆ ಇನ್ನೊಂದರಲ್ಲಿ ಬಂತಂತೆ. ಊರಿನ ಡೈರಿ ಗೋಡೆಗೆ ಪಶುಪಾಲನಾ ಇಲಾಖೆಯವರು ಒಂದು ಕಾಗದ ಅಂಟಿಸಿ ಹೋದರು. ಅದರ ಅರ್ಧದ ಮೇಲೆ ಮಾರನೇ ದಿನ ಟೊಮೆಟೊ ಔಷಧಿ ಕಂಪನಿಯವನು ತನ್ನ ಪೋಸ್ಟರ್ ಅಂಟಿಸಿದ. ಸರ್ಕಾರ ಜನರಿಗೆ ವಿಷಯ ತಿಳಿಸಿದ್ದು ಇಷ್ಟು.

ಹೋಳೂರಿನ ಕಡೆಯಿಂದ ಪಶು ಡಾಕ್ಟರು ತ್ರಿವೇಣಿ ಬಂದಳು. ಮೂವತ್ತರ ಆಸುಪಾಸಿನ ಹೆಣ್ಣುಮಗಳು, ಸ್ಕೂಟಿಯಲ್ಲಿ ಓಡಾಡುವವಳು. ಸಂಜೆ ಹಾಲು ಹಾಕುವ ಹೊತ್ತಿಗೆ ಡೈರಿಯ ಮುಂದೆ ನಿಂತು, ನಾಡಿದ್ದು ಎಲ್ಲ ಹಸುಗಳಿಗೂ ಲಸಿಕೆ ಹಾಕುತ್ತೇವೆ, ಕಟ್ಟಿಹಾಕಿಕೊಂಡಿರಿ ಅಂದಳು. ಯಾರೋ ಕೇಳಿದರು, ಯಾವ ಲಸಿಕೆ ಅಂತ.

"ಆಡಿನ ಸಿಡುಬಿಗೆ ಹಾಕೋದು," ಅಂದಳು ತ್ರಿವೇಣಿ, ಮುಚ್ಚಿಡದೆ.

ಕ್ಯಾನುಗಳ ಸದ್ದು ನಿಂತಿತು. ಅಂಜಮ್ಮ ಮುಂದೆ ಬಂದಳು.

"ಆಡಿಂದು ಹಸುಗೆ ಯಾಕಮ್ಮಾ? ನಮ್ಮ ಹಸು ಏನು ಮೇಕೆ ಥರ ಕಾಣ್ತಾವಾ ನಿಮಗೆ?"

"ಎರಡೂ ವೈರಸ್ಸು ಒಂದೇ ವಂಶ ಅಂಜಮ್ಮ. ದಾಯಾದಿಗಳು ಅಂದ್ಕೊಳಿ. ಒಂದಕ್ಕೆ ಮಾಡಿದ್ದು ಇನ್ನೊಂದನ್ನೂ ತಡೆಯುತ್ತೆ. ನೋಡಿ, ಪರೀಕ್ಷೆ ಮಾಡಿಯೇ ಸರ್ಕಾರ ಒಪ್ಪಿಗೆ ಕೊಟ್ಟಿರೋದು."

"ದಾಯಾದಿನ ನಂಬಿ ಯಾರಮ್ಮಾ ಉದ್ಧಾರ ಆಗಿರೋದು ಈ ಊರಲ್ಲಿ?"

ಜನ ಗೊಳ್ಳೆಂದರು. ಡೈರಿ ಸೆಕ್ರೆಟರಿ ಶ್ರೀನಿವಾಸಪ್ಪ, ತನ್ನ ಅಣ್ಣನ ಜೊತೆ ಬದುವಿನ ಜಗಳಕ್ಕೆ ಕೋರ್ಟಿಗೆ ಅಲೆಯುತ್ತಿದ್ದವನು, ತಲೆ ತಗ್ಗಿಸಿ ಹಾಲು ಅಳೆಯುತ್ತಿದ್ದ.

"ಹಸುದೇ ಅಂತ ಬೇರೆ ಇಲ್ವಾ ಹಂಗಾದ್ರೆ?" ಅಂಜಮ್ಮ ಬಿಡಲಿಲ್ಲ.

"ಕಂಡುಹಿಡಿದಿದಾರೆ. ಇನ್ನೂ ಮಾರೋಕೆ ಅಪ್ಪಣೆ ಸಿಕ್ಕಿಲ್ಲ. ಡೆಲ್ಲಿಯಲ್ಲಿ ಪರಿಶೀಲನೆ ನಡೀತಿದೆ. ಅಲ್ಲೀವರೆಗೂ ಕಾಯೋಕೆ ಕಾಯಿಲೆ ಬಿಡಲ್ವಲ್ಲ."

"ಸೂಜಿ ಹಾಕಿದ್ರೆ ಹಾಲು ಬತ್ತುತ್ತಂತೆ?"

"ಎರಡು ಮೂರು ದಿನ ಸ್ವಲ್ಪ ಕಡಿಮೆ ಆಗ್ಬೋದು. ಆಮೇಲೆ ಸರಿಹೋಗುತ್ತೆ."

ತ್ರಿವೇಣಿ ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಆದರೆ ಅಂಜಮ್ಮನ ಕಿವಿಯಲ್ಲಿ ಉಳಿದದ್ದು ಒಂದೇ: ಹಸುವಿನದು ಬೇರೆ ಇದೆ, ನಮಗೆ ಆಡಿನದು ಕೊಡುತ್ತಿದ್ದಾರೆ. ಅವಳು ನೀರಿನ ಹೋರಾಟದಲ್ಲಿ ಟ್ರ್ಯಾಕ್ಟರ್ ಏರಿ ಬೆಂಗಳೂರಿಗೆ ಹೋದವಳು. ಪೊಲೀಸರ ಬ್ಯಾರಿಕೇಡಿನ ಮುಂದೆ ಬಿಸಿಲಲ್ಲಿ ಕೂತವಳು. ಒಳ್ಳೆಯ ನೀರು ಕೇಳಿದ ಕೋಲಾರದ ಕೆರೆಗೆ ಬೆಂಗಳೂರು ಬಳಸಿ ಬಿಟ್ಟ ನೀರನ್ನು ಸೋಸಿ ಹರಿಸಿದ್ದನ್ನು ಕಂಡವಳು. ಇದೂ ಅದೇ ಥರ ಅಂತ ಅವಳ ಲೆಕ್ಕ. ಅವಳನ್ನು ಪೆದ್ದಿ ಅನ್ನುವಂತಿಲ್ಲ. ಸರ್ಕಾರವನ್ನು ಅನುಮಾನಿಸುವುದನ್ನು ಅವಳಿಗೆ ಸರ್ಕಾರವೇ ಕಲಿಸಿತ್ತು.

ಅದರ ಮಾರನೇ ದಿನ ಆಂಜಿ ಬಂದ.

ಆಂಜಿ ಅವಳ ಚಿಕ್ಕಮ್ಮನ ಮಗ. ಮುಳಬಾಗಿಲಿನವನು. ಬೈಕಿಗೆ ಎರಡು ಕಡೆ ಬ್ಯಾಗು ನೇತುಹಾಕಿಕೊಂಡು ಊರೂರು ತಿರುಗಿ ಹಸುಗಳಿಗೆ ಟಾನಿಕ್ಕು, ಖನಿಜದ ಪುಡಿ, ಉಣ್ಣೆಗೆ ಪೌಡರು ಮಾರುವವನು. ಡಾಕ್ಟರ್ ಓದಿರಲಿಲ್ಲ, ಸೂಜಿ ಚುಚ್ಚಲು ಮಾತ್ರ ಹೆದರುತ್ತಿರಲಿಲ್ಲ. ಬಂದವನೇ ಮುದ್ದೆ ಉಂಡು ಕೈ ತೊಳೆದು, ಅಕ್ಕನ ಗೊಣಗಾಟವನ್ನೆಲ್ಲ ಕೇಳಿಸಿಕೊಂಡು, ಬ್ಯಾಗಿನಿಂದ ಒಂದು ಸಣ್ಣ ಬಾಟಲಿ ತೆಗೆದ.

"ಆ ಡಾಕ್ಟರಮ್ಮ ಹೇಳಿದ್ದು ನಿಜಾನೇ ಅಕ್ಕಾ. ಹಸುದು ಬೇರೆ ಇದೆ. ಇದೇ ಅದು."

"ಅದಕ್ಕೆ ಅಪ್ಪಣೆ ಸಿಕ್ಕಿಲ್ಲ ಅಂದ್ಳಲ್ಲೋ."

"ಡೆಲ್ಲೀಲಿ ಸೀಲ್ ಒಂದು ಬಿದ್ದಿಲ್ಲ, ಅಷ್ಟೇ. ಮಾಲು ಫ್ಯಾಕ್ಟರಿಯಲ್ಲಿ ರೆಡಿ. ನಮ್ಮ ಕಡೆಯವರು ಒಬ್ಬರು ಒಳಗಿದಾರೆ, ಅವರು ಕೊಟ್ಟಿದ್ದು. ಸೀಲ್ ಹೆಂಗೆ ಬೀಳುತ್ತೆ ಅಂತ ನಿನಗೆ ಹೇಳಿಕೊಡ್ಬೇಕಾ? ಎಷ್ಟು ಆಫೀಸು ನೋಡಿಲ್ಲ ನೀನು."

ಆ ಮಾತು ಅವಳಿಗೆ ನಾಟಿತು. ಬಾಟಲಿಯನ್ನು ಕೈಗೆ ತೆಗೆದುಕೊಂಡಳು. ಮೇಲೆ ಇಂಗ್ಲಿಷಿನಲ್ಲಿ ಏನೋ ಬರೆದಿತ್ತು. ಗಾಜು ಬೆಚ್ಚಗಿತ್ತು. ಬೈಕಿನ ಬ್ಯಾಗಿನಲ್ಲಿ ಬೆಳಗಿನಿಂದ ಬಿಸಿಲಿಗೆ ಕಾದದ್ದು. ಕೈಗೆ ಅದು ತಿಳಿಯಿತು, ತಲೆಗೆ ಹೋಗಲಿಲ್ಲ.

"ಏನ್ಲಾ, ಗ್ಯಾರಂಟೀನಾ?"

"ನಾ ಮೀದ ನಮ್ಮಕಂ ಲೇದಾ ಅಕ್ಕಾ?"

ತನ್ನ ಮೇಲೆ ನಂಬಿಕೆಯಿಲ್ಲವೇ ಅಂತ ಚಿಕ್ಕಮ್ಮನ ಮಗ ತೆಲುಗಿನಲ್ಲಿ ಕೇಳಿದರೆ ಇಲ್ಲ ಅನ್ನುವುದು ಹೇಗೆ? ದೊರಸಾನಿಗೆ ಚುಚ್ಚಿಸಿದಳು. ಸಾಲದ್ದಕ್ಕೆ ಗೋಡೆಯಾಚೆಯ ಶಾಮಲಮ್ಮನನ್ನೂ ಕೂಗಿದಳು. ಶಾಮಲಮ್ಮ ಅವಳ ಓರಗಿತ್ತಿ, ಮುನಿಕೃಷ್ಣನ ತಮ್ಮನ ಹೆಂಡತಿ. ಇದ್ದದ್ದು ಒಂದೇ ಕೆಂದಹಸು. ಅಕ್ಕ ಹೇಳಿದ ಮೇಲೆ ಅವಳಿಗೆ ಎರಡನೇ ಯೋಚನೆ ಇರಲಿಲ್ಲ. ಆಂಜಿ ಸೂಜಿಯನ್ನು ಲುಂಗಿಯ ಅಂಚಿಗೆ ಒರೆಸಿ ಕೆಂದಹಸುವಿಗೂ ಚುಚ್ಚಿದ. ಆ ಸೂಜಿ ಅವತ್ತು ಬೆಳಿಗ್ಗೆ ಎಷ್ಟು ಕೊಟ್ಟಿಗೆ ನೋಡಿ ಬಂದಿತ್ತೋ, ಯಾರೂ ಕೇಳಲಿಲ್ಲ.

ಒಳ್ಳೆಯದು ಬಿದ್ದಾಗಿದೆ, ಇನ್ನು ಆಡಿನದು ಯಾಕೆ, ಇರುವ ಹಾಲೂ ಬತ್ತಿಸಿಕೊಳ್ಳುವುದು ಯಾಕೆ? ಲಸಿಕೆಯ ದಿನ ಹಸುಗಳನ್ನು ಬಚ್ಚಿಡಬೇಕು. ಎಲ್ಲಿ? ತೋಟದಲ್ಲಿ ಕಟ್ಟಿದರೆ ಕಾಣುತ್ತೆ. ಆಗ ಅಂಜಮ್ಮನಿಗೆ ಹೊಳೆದದ್ದು ಹುಳದ ಮನೆ. ಹಿಂದಿನ ಬೆಳೆಯ ಗೂಡು ಮಾರಿ ಮನೆ ತೊಳೆದು ಖಾಲಿ ಬಿಟ್ಟಿದ್ದಳು. ಮುಂದಿನ ಚಾಕಿ ಹುಳ, ಅಂದರೆ ಮರಿ ಹುಳ ಬರಲು ಇನ್ನೂ ಟೈಮಿತ್ತು. ಇಡೀ ಹೋಬಳಿಗೆ ಗೊತ್ತು, ಅಂಜಮ್ಮನ ಹುಳದ ಮನೆಗೆ ಯಾರೂ ನುಗ್ಗುವುದಿಲ್ಲ ಅಂತ.

ಕತ್ತಲಿರುವಾಗಲೇ ಎರಡೂ ಹಸುಗಳನ್ನು ಒಳಗೆ ಕಟ್ಟಿ ಬಾಗಿಲು ಹಾಕಿದರು. ಇದನ್ನು ನೋಡಿದ ಎದುರುಮನೆಯ ಸುನಂದ ತನ್ನ ಹಸುವನ್ನೂ ತನ್ನ ಹುಳದ ಮನೆಗೆ ಹೊಡೆದಳು. ಅವಳನ್ನು ನೋಡಿ ಇನ್ನೂ ಕೆಲವರು. ಸುಣ್ಣ ಹಾಕುವುದನ್ನು ಅಂಜಮ್ಮನಿಂದ ಕಲಿತ ಬೀದಿ ಇದನ್ನೂ ಅವಳಿಂದಲೇ ಕಲಿಯಿತು.

ತ್ರಿವೇಣಿ ಐಸ್ ಡಬ್ಬಿ ನೇತುಹಾಕಿಕೊಂಡು ಬಂದಾಗ ಆ ಬೀದಿಯಲ್ಲಿ ಮುದಿ ಎತ್ತು, ಹೋರಿಕರ, ಹಾಲು ಬತ್ತಿದ ಹಸು ಮಾತ್ರ ಇದ್ದವು.

"ಏನಂಜಮ್ಮ, ನಿಮ್ಮ ಬೀದೀಲಿ ಹಾಲು ಕೊಡೋದು ಎತ್ತುಗಳಾ?"

"ಹಸು ತೋಟದ ಕಡೆ ಹೋಗಿದೆ ಕಣಮ್ಮ, ನಮ್ಮ ಯಜಮಾನರು ಹೊಡ್ಕೊಂಡು ಹೋದ್ರು."

ಯಜಮಾನ ಮುನಿಕೃಷ್ಣ ಅವಳ ಹಿಂದೆಯೇ ಬೀಡಿ ಹಚ್ಚುತ್ತ ನಿಂತಿದ್ದ. ಸಾಲದ್ದಕ್ಕೆ ಒಳಗಿನಿಂದ ದೊರಸಾನಿ ಗಂಟಲು ಬಿಚ್ಚಿ ಕೂಗಿದಳು. ನೀರಿನ ಬಾನಿ ಕೊಳೆಯಾಗಿತ್ತೋ ಏನೋ.

ತ್ರಿವೇಣಿ ಹುಳದ ಮನೆಯ ಕಡೆ ನೋಡಿದಳು. "ಒಳಗೇನು?"

"ಹುಳ. ಜ್ವರಕ್ಕೆ ಕೂತವೆ." ಹುಳ ಸೊಪ್ಪು ಬಿಟ್ಟು ಪೊರೆ ಕಳಚಲು ಕೂರುವುದಕ್ಕೆ ಆ ಕಡೆ ಹಾಗನ್ನುತ್ತಾರೆ. ಆಗ ಒಳಗೆ ಗಾಳಿ ಕೂಡ ಜೋರಾಗಿ ಆಡಬಾರದು. "ಯಾರನ್ನೂ ಬಿಡಲ್ಲ ಈಗ."

"ಜ್ವರಕ್ಕೆ ಕೂತಿರೋ ಹುಳ ಅಂಬಾ ಅನ್ನುತ್ತಾ?"

ಸುನಂದ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. ಅಂಜಮ್ಮ ನಗಲಿಲ್ಲ, ಬಾಗಿಲಿಂದ ಕದಲಲೂ ಇಲ್ಲ.

"ನಾನು ಬಾಗಿಲು ಒದ್ದು ಬರೋಕಾಗಲ್ಲ ಅಂಜಮ್ಮ. ನನಗೆ ಅಷ್ಟು ಅಧಿಕಾರ ಇಲ್ಲ. ಇದ್ರೂ ಬರಲ್ಲ. ಮೈ ಬಿಸಿಯಾದ್ರೆ, ಮೇವು ಬಿಟ್ರೆ ಫೋನ್ ಮಾಡಿ. ನಾಚಿಕೆ ಇಟ್ಕೋಬೇಡಿ." ಸ್ಕೂಟಿ ಹತ್ತಿ ಮುಂದಿನ ಊರಿಗೆ ಹೋದಳು.

ಅಕ್ಕಪಕ್ಕದ ಊರುಗಳಲ್ಲಿ ಲಸಿಕೆ ಇನ್ನೂ ನಡೆಯುತ್ತಿತ್ತು, ಆಯಮ್ಮ ಮತ್ತೆ ಬಂದಾಳೆಂದು ಹಸುಗಳನ್ನು ಹಗಲಲ್ಲಿ ಒಳಗೇ ಕಟ್ಟಿದರು. ವಾರ ಕಳೆಯುವಷ್ಟರಲ್ಲಿ ದೊರಸಾನಿ ಬೂಸಾ ಮುಟ್ಟದೆ ನಿಂತಳು. ಕಣ್ಣಲ್ಲಿ ನೀರು, ಬಾಯಲ್ಲಿ ಜೊಲ್ಲು. ಅಂಜಮ್ಮ ಕಿವಿ ಹಿಡಿದು ನೋಡಿದಳು, ಸುಡುತ್ತಿತ್ತು. ಆಂಜಿ ಚುಚ್ಚಿದ್ದ ಕುತ್ತಿಗೆಯ ಹತ್ತಿರ ಕೈಯಾಡಿಸಿದಾಗ ಚರ್ಮದಡಿ ಹುಣಸೆಬೀಜದಷ್ಟು ಗಂಟು ಸಿಕ್ಕಿತು. ಇನ್ನೊಂದು ಸಿಕ್ಕಿತು. ಕೈ ಬೆನ್ನಿಗೆ, ಹೊಟ್ಟೆಗೆ ಜಾರಿತು. ಎಲ್ಲ ಕಡೆ ಇದ್ದವು.

ಆಂಜಿಗೆ ಫೋನ್ ಹಚ್ಚಿದಳು.

"ಮದ್ದು ಕೆಲಸ ಮಾಡ್ತಿದೆ ಅಂತ ಅರ್ಥ ಅಕ್ಕಾ. ಇನ್ನೊಂದು ಡೋಸ್ ಕೊಟ್ರೆ ಇಳಿದುಹೋಗುತ್ತೆ. ಆ ಡಾಕ್ಟರಮ್ಮಂಗೆ ಮಾತ್ರ ನನ್ನ ಹೆಸರು ಹೇಳ್ಬೇಡ."

"ಯಾಕೋ ಹೇಳ್ಬಾರ್ದು? ಫ್ಯಾಕ್ಟರಿ ಮಾಲು ತಾನೆ?"

ಫೋನು ಕಟ್ಟಾಯಿತು. ಮತ್ತೆ ಹಚ್ಚಿದರೆ ಸ್ವಿಚ್ ಆಫ್.

ಅಂಜಮ್ಮ ಹುಳದ ಮನೆಯ ಮೆಟ್ಟಿಲ ಮೇಲೆ ಕೂತಳು. ಕಾಲ ಕೆಳಗೆ ಅವಳೇ ಹಾಕಿದ ಸುಣ್ಣ. ಬಿಸಿಲಲ್ಲಿ ಮೊಟ್ಟೆ ತಂದವನನ್ನು ಊರಾಚೆ ಅಟ್ಟಿದ್ದಳು. ಬಿಸಿಲಲ್ಲಿ ಕಾದ ಬಾಟಲಿಯನ್ನು ಅಂಗೈಯಲ್ಲಿ ಹಿಡಿದು ಹಸುವಿಗೆ ಚುಚ್ಚಿಸಿದ್ದಳು. ಎರಡೂ ಮಾಡಿದ್ದು ಅದೇ ಕೈ.

ಮುನಿಕೃಷ್ಣ ಮಾತು ಕಡಿಮೆಯ ಮನುಷ್ಯ. ಅವನೂ ಬಂದು ನೋಡಿದ.

"ನಾವೇ ಬೇವು ಅರಿಶಿನ ಹಚ್ಚಿ ನೋಡ್ಕೊಳ್ಳೋಣ. ಹೊರಗೆ ಗೊತ್ತಾದ್ರೆ ಬೀದಿ ಜನ ಹರಿದು ತಿಂತಾರೆ. ಆ ಆಂಜಿ ಜೈಲಿಗೆ ಹೋದ್ರೆ ನಿಮ್ಮ ಚಿಕ್ಕಮ್ಮ ಇನ್ನು ಈ ಮನೆ ಮೆಟ್ಟಿಲು ಹತ್ತಲ್ಲ."

"ಶಾಮಲಿ ಹಸು?"

ಅವನು ಒಳಕ್ಕೆ ಇಣುಕಿದ. ಕೆಂದಹಸು ಅದೇ ಮನೆಯಲ್ಲಿ ಎರಡು ಮಾರು ದೂರದಲ್ಲಿ ಕಟ್ಟಿತ್ತು. ಅದೂ ಮೆಲುಕು ಹಾಕುತ್ತಿರಲಿಲ್ಲ. ಎದುರು ಮನೆಯಲ್ಲಿ ಸುನಂದಳ ಹಸು, ಅದರಾಚೆ ಇನ್ನೂ ಅಷ್ಟು, ಒಂದಕ್ಕೂ ಲಸಿಕೆಯಿಲ್ಲ. ಬಾಯಿ ಮುಚ್ಚಿಕೊಂಡು ಕೂತರೆ ಬೀದಿಯ ಹಾಲೆಲ್ಲ ಹೋಗುತ್ತೆ. ಬಾಯಿ ಬಿಟ್ಟರೆ ಬೀದಿಯಲ್ಲಿ ಅವಳಿಗಿದ್ದ ಮರ್ಯಾದೆ ಹೋಗುತ್ತೆ, ತವರಿನ ಬಾಗಿಲು ಮುಚ್ಚುತ್ತೆ. ಇವೆರಡರಲ್ಲಿ ಒಂದನ್ನು ಆರಿಸಬೇಕಿತ್ತು.

ಹುಳದ ಬೆಳೆಯಲ್ಲಿ ಒಂದು ತಟ್ಟೆಗೆ ರೋಗ ಬಂದರೆ ಅವಳು ಏನು ಮಾಡುತ್ತಿದ್ದಳು? ಕೂಗಿ ಹೇಳುತ್ತಿದ್ದಳು. ನನ್ನ ಮನೇಲಿ ಬಂದಿದೆ, ಈ ಕಡೆ ಯಾರೂ ಬರಬೇಡಿ, ನನ್ನ ತೋಟದ ಸೊಪ್ಪು ಮುಟ್ಟಬೇಡಿ ಅಂತ. ಅದು ನಾಚಿಕೆಯ ವಿಷಯ ಅಂತ ಒಂದು ದಿನವೂ ಅನ್ನಿಸಿರಲಿಲ್ಲ.

ಮೊದಲು ತ್ರಿವೇಣಿಗೆ ಫೋನ್ ಮಾಡಿದಳು. ಆಮೇಲೆ ಖಾಲಿ ಕ್ಯಾನ್ ಹಿಡಿದು ಡೈರಿಗೆ ಹೋದಳು. ಸಾಲಿನಲ್ಲಿ ನಿಲ್ಲದೆ ನೇರ ಮುಂದೆ ಹೋಗಿ ಕ್ಯಾನನ್ನು ಶ್ರೀನಿವಾಸಪ್ಪನ ಮುಂದೆ ಬೋರಲು ಹಾಕಿದಳು.

"ಇವತ್ತಿಂದ ನನ್ನ ಹಾಲಿಲ್ಲ. ದೊರಸಾನಿಗೆ ಗಂಟು ಬಂದಿದೆ. ಹುಳದ ಮನೇಲಿ ಬಚ್ಚಿಟ್ಟಿದ್ದೆ. ನೀವೂ ಬಚ್ಚಿಟ್ಟಿದೀರಿ, ನನಗೆ ಗೊತ್ತು. ಡಾಕ್ಟರು ಬರ್ತಿದಾರೆ. ಹಸು ಆಚೆಗೆ ತನ್ನಿ."

"ನೀನೇನೋ ಹಸುದೇ ಸೂಜಿ ಹಾಕಿಸಿದೀನಿ ಅಂತಿದ್ಯಲ್ಲ?" ಅಂದಳು ಸುನಂದ.

"ಅದು ಸುಳ್ಳು ಮಾಲು. ನನ್ನ ಚಿಕ್ಕಮ್ಮನ ಮಗ ಆಂಜಿ ತಂದಿದ್ದು. ಇನ್ಯಾರ ಮನೇಲಾದ್ರೂ ಅವನ ಬಾಟ್ಲಿ ಇದ್ರೆ ಹಾಕ್ಬೇಡಿ, ಹಂಗೇ ಎತ್ತಿಟ್ಟು ಡಾಕ್ಟರಿಗೆ ಕೊಡಿ."

ಆಗ ಸಾಲಿನ ಕೊನೆಯಿಂದ ಶಾಮಲಮ್ಮ ಬಂದಳು. ಅವಳ ಕ್ಯಾನಿನಲ್ಲಿ ತಳ ಮುಚ್ಚುವಷ್ಟು ಹಾಲಿತ್ತು.

"ನನ್ನ ಹಸು? ನನ್ನ ಹಸು ಏನಾಯ್ತಕ್ಕಾ? ನಾನು ಕೇಳಿದ್ನಾ ನಿನ್ನ ಸೂಜಿನ? ಗೋಡೆ ಮೇಲಿಂದ ಕೂಗಿ ಕರ್ದು ಹಾಕಿಸ್ದೆಯಲ್ಲೇ! ನಿನ್ನ ಕೈಗೆ ಹುಳ ಬೀಳ!"

ಎಂಥ ಆಫೀಸರಿಗೂ ಒಂದಕ್ಕೆರಡು ಕೊಡುವ ಬಾಯಿ ಅಂಜಮ್ಮನದು. ಅವತ್ತು ಮುಚ್ಚಿಕೊಂಡೇ ಇತ್ತು. ಯಾರೋ ಗಂಡಸು, "ಇವಳನ್ನು ನಂಬಿ ಕೆಟ್ವಿ," ಅಂತ ಉಗಿದ. ಇನ್ನೊಬ್ಬ, "ಬರೀ ಸುಣ್ಣ ಬಳಿಯೋಕೆ ಲಾಯಕ್ಕು," ಅಂದ. ಬೈದುಕೊಂಡೇ ಮನೆಗೆ ಹೋದರು, ಹಸು ಬಿಚ್ಚಿಕೊಂಡೇ ಬಂದರು. ಬೈಗುಳಕ್ಕಿಂತ ಹೆದರಿಕೆ ದೊಡ್ಡದಾಗಿತ್ತು.

ತ್ರಿವೇಣಿ ಗಂಟು ಕಾಣದ ಹಸುಗಳಿಗೆಲ್ಲ ಆಡಿನ ಲಸಿಕೆಯನ್ನೇ ಹಾಕಿದಳು. ಒಂದೊಂದಕ್ಕೂ ಹೊಸ ಸೂಜಿ. ಇದು ಹಿಡಿಯಲು ಎರಡು ಮೂರು ವಾರ ಬೇಕು, ಅಷ್ಟರಲ್ಲಿ ಕೆಲವಕ್ಕೆ ಬಂದರೂ ಬಂತು ಅಂತ ಮೊದಲೇ ಹೇಳಿದಳು. ಕೊನೆಗೆ ಅಂಜಮ್ಮನ ಹುಳದ ಮನೆಯ ಮುಂದೆ ಬಂದು ನಿಂತಳು. ಕಾಲು ತೊಳೆದಳು, ಸುಣ್ಣ ತುಳಿದಳು.

"ಈಗ ಬರ್ಬೋದಾ ಅಂಜಮ್ಮ?"

"ಬಾ ತಾಯಿ, ಅಣಕಿಸ್ಬೇಡ."

ಎರಡೂ ಹಸುಗಳಿಗೆ ಜ್ವರದ ಇಂಜೆಕ್ಷನ್ ಕೊಟ್ಟು, ಗಾಯಕ್ಕೆ ಏನು ಹಚ್ಚಬೇಕೆಂದು ಹೇಳಿ, ತ್ರಿವೇಣಿ ಕಿಟಕಿಯ ಬಲೆಗಳನ್ನು ಎಳೆದು ನೋಡಿದಳು. "ಬಾಟ್ಲಿ ನೀರಾಗಿದ್ರೆ ಉಪಯೋಗ ಇಲ್ಲ ಅಷ್ಟೇ, ಕೆಡುಕಿಲ್ಲ. ನನಗೆ ಅನುಮಾನ ಸೂಜಿ ಮೇಲೆ. ರೋಗದ ಹಸುಗೆ ಚುಚ್ಚಿದ್ದನ್ನೇ ಇಲ್ಲಿ ಚುಚ್ಚಿರ್ತಾನೆ." ಬಲೆಯನ್ನು ಬಿಟ್ಟಳು. "ಇನ್ಮೇಲೆ ಇದನ್ನ ಹರಡೋದು ನೊಣ, ಸೊಳ್ಳೆ, ಉಣ್ಣೆ. ಈ ಊರಲ್ಲಿ ಇಂಥ ಬಲೆ ಇರೋ ಕೊಟ್ಟಿಗೆ ಎಲ್ಲೂ ಇಲ್ಲ. ಯಾವ ಹಸುಗೆ ಬಂದ್ರೂ ಇಲ್ಲೇ ಕಟ್ಟಿದ್ರೆ ಒಳ್ಳೇದು. ಆದ್ರೆ ನಿಮ್ಮ ಹುಳದ ಬೆಳೆ..."

ಚಾಕಿ ಹುಳ ಬರಬೇಕಾದ್ದು ಅದೇ ವಾರ. ಸೊಪ್ಪು ತೋಟದಲ್ಲಿ ಸೊಗಸಾಗಿ ಬೆಳೆದು ನಿಂತಿತ್ತು. ಅಂಜಮ್ಮ ಚಾಕಿ ಕೇಂದ್ರಕ್ಕೆ ಫೋನ್ ಮಾಡಿ, ನನ್ನ ಮರಿ ಬೇರೆಯವರಿಗೆ ಕೊಡಿ ಅಂದಳು. ಕುಡುಗೋಲು ತೆಗೆದುಕೊಂಡು ಹೋಗಿ ಹುಳಕ್ಕೆ ಬೆಳೆದ ಸೊಪ್ಪನ್ನು ಕೊಯ್ದು ತಂದು ಹಸುಗಳ ಮುಂದೆ ಹಾಕಿದಳು. ಗಂಟಲು ನೋವಿನಲ್ಲಿ ಒಣಮೇವು ತಿನ್ನದ ಹಸು ಎಳೆಸೊಪ್ಪನ್ನು ಅಷ್ಟಿಷ್ಟು ತಿಂದಿತು.

ತ್ರಿವೇಣಿ ತಿಳಿಸಿದ ಮೇಲೆ ಔಷಧ ನಿಯಂತ್ರಣದ ಆಫೀಸಿನಿಂದ ವೇಣುಗೋಪಾಲ್ ಅನ್ನುವ ಇನ್‌ಸ್ಪೆಕ್ಟರು ಜೀಪಿನಲ್ಲಿ ಬಂದರು. ಆಂಜಿ ಬಿಟ್ಟುಹೋಗಿದ್ದ, ತಳದಲ್ಲಿ ಒಂದಿಷ್ಟು ಉಳಿದಿದ್ದ ಬಾಟಲಿಯನ್ನು ಅಂಜಮ್ಮ ಮಡಕೆಯಲ್ಲಿ ಮರಳು ಹಾಕಿ, ಒದ್ದೆಮಾಡಿ, ತಣ್ಣಗಿರಲೆಂದು ಅದರಲ್ಲಿ ಹೂತಿಟ್ಟಿದ್ದಳು. ಆತ ಅದನ್ನು ಕವರಿಗೆ ಹಾಕಿ ಅರಗಿನ ಮುದ್ರೆ ಒತ್ತಿದರು.

"ಕೊಟ್ಟವರು ಯಾರು?"

ಮುನಿಕೃಷ್ಣ ಬೀಡಿ ಆರಿಸಿ ಹೆಂಡತಿಯ ಮುಖ ನೋಡಿದ. ಅವಳು ಹೆಸರು, ಊರು, ಅವರಪ್ಪನ ಹೆಸರು, ಬೈಕಿನ ಬಣ್ಣ ಎಲ್ಲ ಹೇಳಿ ಸಹಿ ಹಾಕಿದಳು. ಆಮೇಲೆ ಕೇಳಿದಳು:

"ಸಾರ್, ಇವನು ವರ್ಷಗಟ್ಟಲೆಯಿಂದ ಬೈಕಲ್ಲಿ ಸೂಜಿ ಇಟ್ಕೊಂಡು ತಿರುಗ್ತಿದ್ದ. ನೀವು ಇವತ್ತು ಬಂದ್ರಿ. ಇಷ್ಟು ದಿನ ಎಲ್ಲಿದ್ರಿ?"

"ಇರೋದು ನಾವು ಕೆಲವೇ ಜನಮ್ಮ. ಅಂಗಡಿಗಳನ್ನೇ ನೋಡಿ ಮುಗಿಯಲ್ಲ."

"ಡೆಲ್ಲಿಯವರು ಸೀಲ್ ಹೊಡೆಯೋಕೆ ವರ್ಷ ತಗೋತಾರೆ. ಸೀಲ್ ಇಲ್ದೇ ಇರೋನು ಒಂದು ದಿನಕ್ಕೆ ಹತ್ತೂರು ಸುತ್ತುತಾನೆ. ಆ ಸೀಲ್ ಯಾಕೆ ಬೇಕು ಅಂತ ಯಾರಾದ್ರೂ ಮೊದಲೇ ನಮಗೆ ಹೇಳಿದ್ರೆ ನಿಮ್ಮ ಗಂಟು ಹೋಗ್ತಿತ್ತಾ?"

ವೇಣುಗೋಪಾಲ್ ಕವರನ್ನು ಬ್ಯಾಗಿಗೆ ಸೇರಿಸಿದರು. ಒಂದು ಲೋಟ ಮಜ್ಜಿಗೆ ಕುಡಿದು ಹೋದರು. ಲ್ಯಾಬಿನ ರಿಪೋರ್ಟು ಬರುವ ಹೊತ್ತಿಗೆ ಊರಲ್ಲಿ ಆ ಬಾಟಲಿಯ ನೆನಪೇ ಇರಲಿಲ್ಲ. ಅದರಲ್ಲಿ ಲಸಿಕೆ ಇರಲಿಲ್ಲ, ಉಪ್ಪುನೀರಿತ್ತು. ಆಂಜಿಯ ಮೇಲೆ ಕೇಸು ಬಿತ್ತು. ಕೇಸು ನಡೆಯುತ್ತಿದೆ. ಮುನಿಕೃಷ್ಣ ಅಂದ ಹಾಗೆ ಚಿಕ್ಕಮ್ಮ ಮೆಟ್ಟಿಲು ಹತ್ತುವುದನ್ನು ಬಿಟ್ಟಳು.

ಕೆಂದಹಸು ಉಳಿಯಲಿಲ್ಲ. ಗಂಟುಗಳು ಒಡೆದು, ಕಾಲು ಊದಿ, ಎದ್ದು ನಿಲ್ಲಲಾಗದೆ ಅದೇ ಹುಳದ ಮನೆಯಲ್ಲಿ ಸತ್ತಿತು. ಮುನಿಕೃಷ್ಣ, ಅವನ ತಮ್ಮ, ಇನ್ನಿಬ್ಬರು ಸೇರಿ ಆಳದ ಗುಂಡಿ ತೋಡಿ, ಸುಣ್ಣ ಸುರಿದು ಹೂತರು. ಶಾಮಲಮ್ಮ ಅಳಲಿಲ್ಲ, ಖಾಲಿ ಹಗ್ಗವನ್ನು ಸುತ್ತಿಕೊಂಡು ಮನೆಗೆ ಹೋದಳು. ದೊರಸಾನಿ ಬದುಕಿದಳು. ಹೊಟ್ಟೆಯಲ್ಲಿದ್ದ ಕರು ಹೋಯಿತು. ಮೈಮೇಲೆ ಅಲ್ಲಲ್ಲಿ ಕೂದಲು ಉದುರಿ ಕಲೆ ಉಳಿಯಿತು. ಹಾಲು ಮೊದಲಿನ ಅರ್ಧಕ್ಕೆ ಬಂತು, ಜಂಬ ಅಷ್ಟೇ ಉಳಿಯಿತು. ಸುನಂದಳ ಹಸುವಿಗೂ ಗಂಟು ಬಂತು, ಬೇಗ ವಾಸಿಯಾಯಿತು. ಬೀದಿಯ ಉಳಿದವು ತಪ್ಪಿಸಿಕೊಂಡವು.

ಶಾಮಲಮ್ಮ ಮಾತು ಬಿಟ್ಟಳು. ಅಂಜಮ್ಮ ದಿನಾ ಬೆಳಿಗ್ಗೆ ಒಂದು ಚೊಂಬು ಹಾಲನ್ನು ಗೋಡೆಯ ಮೇಲೆ ಇಡುತ್ತಿದ್ದಳು. ಶಾಮಲಮ್ಮ ಚೊಂಬನ್ನು ಒಳಗೆ ತೆಗೆದುಕೊಂಡು, ತೊಳೆದು, ಮತ್ತೆ ಗೋಡೆಯ ಮೇಲೆ ಬೋರಲು ಹಾಕುತ್ತಿದ್ದಳು. ಹಬ್ಬ ಬಂತು, ಹೋಯಿತು. ದೊರಸಾನಿ ಮತ್ತೆ ಗಬ್ಬವಾಗಿ ಹೆಣ್ಣುಕರು ಹಾಕಿದಳು. ಆ ಕರು ಹಾಲು ಬಿಟ್ಟ ಮೇಲೆ ಅಂಜಮ್ಮ ಅದನ್ನು ಹಿಡಿದುಕೊಂಡು ಹೋಗಿ, ಶಾಮಲಮ್ಮನ ಖಾಲಿ ಗೂಟಕ್ಕೆ ಕಟ್ಟಿ, ಒಂದು ಮಾತಾಡದೆ ವಾಪಸ್ ಬಂದಳು. ಶಾಮಲಮ್ಮ ಬಿಚ್ಚಿ ಕಳಿಸಲಿಲ್ಲ. ಮಾತೂ ಆಡಲಿಲ್ಲ.

ಹಸುವಿನದೇ ಲಸಿಕೆಗೆ ಕೊನೆಗೂ ಅಪ್ಪಣೆ ಸಿಕ್ಕಿತೆಂದು ಪೇಪರಿನಲ್ಲಿ ಬಂತು. ಊರಿಗೆ ಅದು ಇನ್ನೂ ಬಂದಿರಲಿಲ್ಲ. ಹೋದ ಸಲ ತ್ರಿವೇಣಿ ಬಂದಾಗ ಅವಳ ಡಬ್ಬಿಯಲ್ಲಿ ಇದ್ದದ್ದು ಆಡಿನದೇ. ಈಗ ಬೀದಿಯವರೆಲ್ಲ ಹಸುಗಳನ್ನು ಹಿಡಿದುಕೊಂಡು ಅಂಜಮ್ಮನ ಹುಳದ ಮನೆಯ ಮುಂದೆಯೇ ನಿಲ್ಲುತ್ತಾರೆ. ಹುಳ ಒಳಗಿದ್ದರೆ ಯಾರೂ ಬಾಗಿಲ ಹತ್ತಿರ ಸುಳಿಯುವುದಿಲ್ಲ, ಆ ಕಾನೂನು ಹಾಗೇ ಇದೆ.

ಅವತ್ತೂ ಹಾಗೇ ನಿಂತಿದ್ದಾಗ ತ್ರಿವೇಣಿ ಡಬ್ಬಿಯ ಮುಚ್ಚಳ ತೆಗೆದಳು. ಅಂಜಮ್ಮ ಕೇಳದೆಯೇ ಕೈಯನ್ನು ಒಳಗೆ ತೂರಿಸಿದಳು. ಐಸಿನ ನಡುವೆ ಬಾಟಲಿಯನ್ನು ಹುಡುಕಿ, ಅಂಗೈಯಲ್ಲಿ ಸ್ವಲ್ಪ ಹೊತ್ತು ಹಿಡಿದಳು.

"ಪ್ರತಿ ಸಲ ನನ್ನ ಪರೀಕ್ಷೆ ಮಾಡ್ತೀರಲ್ಲ ಅಂಜಮ್ಮ," ಅಂದಳು ತ್ರಿವೇಣಿ.

"ನಿನ್ನನ್ನಲ್ಲ ಕಣಮ್ಮ. ಈ ಕೈನ."

ಸಾಲಿನಲ್ಲಿ ಅವಳ ಹಿಂದೆ ಶಾಮಲಮ್ಮ ನಿಂತಿದ್ದಳು, ದೊರಸಾನಿಯ ಮಗಳನ್ನು ಹಿಡಿದುಕೊಂಡು. ಅದೂ ಅಮ್ಮನ ಹಾಗೇ ಮೂತಿ ತಿರುಗಿಸಿಕೊಂಡು ನಿಂತಿತ್ತು. ಶಾಮಲಮ್ಮ ಡಾಕ್ಟರ ಮುಖ ನೋಡಲಿಲ್ಲ.

"ತಣ್ಣಗಿದೆಯಾ?" ಅಂದಳು ಅಂಜಮ್ಮನಿಗೆ.

ಅಂಜಮ್ಮ ಪಕ್ಕಕ್ಕೆ ಸರಿದು ಡಬ್ಬಿಯನ್ನು ಅವಳ ಕಡೆ ತಿರುಗಿಸಿದಳು. "ನಾನು ಹೇಳಿದ್ದನ್ನ ನಂಬಬೇಡ. ನೀನೇ ಕೈ ಹಾಕಿ ನೋಡೇ."

ಶಾಮಲಮ್ಮ ಬಳೆಗಳನ್ನು ಮೇಲಕ್ಕೆ ಸರಿಸಿ ಕೈ ಹಾಕಿದಳು. ನೋಡಿದಳು. ಆಮೇಲೆ ಕರುವಿನ ಹಗ್ಗವನ್ನು ಗಟ್ಟಿಯಾಗಿ ಹಿಡಿದು, "ಹಾಕಿ ಡಾಕ್ಟ್ರೇ," ಅಂದಳು.